ಹಲ್ಲು ನೋಡಲು ಹೋಗಿ ನೀರಿನ ಬೆನ್ನು ಹತ್ತಿದ್ದು

ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರಿಕೆಯ ಬಿಡಿಎಸ್ ಮುಗಿಸಿದವರ ಮುಂದೆ ಸಾಮಾನ್ಯವಾಗಿ ಮೂರು ದಾರಿ. ಎಂಡಿಎಸ್‌ಗೆ ನೀಟ್ ಬರೆಯೋದು, ಸೀನಿಯರ್ ಯಾರದ್ದಾದರೂ ಕ್ಲಿನಿಕ್‌ನಲ್ಲಿ ಕೂರೋದು, ಇಲ್ಲಾ ಅಪ್ಪನ ಹತ್ತಿರ ದುಡ್ಡಿದ್ದರೆ ಸ್ವಂತಕ್ಕೆ ಒಂದು ಚೇರ್ ಹಾಕೋದು. ನಾಲ್ಕು ವರ್ಷ ಓದಿ, ಒಂದು ವರ್ಷ ಇಂಟರ್ನ್‌ಶಿಪ್ ಮಾಡಿ ಹೊರಗೆ ಬಂದಾಗ ನನ್ನ ರ‍್ಯಾಂಕಿಗೆ ಬೇಕಾದ ಸೀಟು ಸಿಗಲಿಲ್ಲ. ಮುಂದಿನ ಪರೀಕ್ಷೆವರೆಗೆ ಏನಾದರೂ ಮಾಡಬೇಕಿತ್ತು. ಸಮುದಾಯ ಸೇವೆಯ ಫೆಲೋಶಿಪ್‌ಗೆ ಅರ್ಜಿ ಹಾಕಿದ್ದು ಹಾಗೆ. ಸೇವೆಯ ಹಂಬಲ ಗಿಂಬಲ ಇತ್ತು ಅಂತ ಈಗ ಬರೆದರೆ ಹಾಸ್ಟೆಲ್‌ನಲ್ಲಿ ನನ್ನ ಜೊತೆಗಿದ್ದವಳು ನಗ್ತಾಳೆ.

ಒಂದು ಟ್ರಸ್ಟ್ ನಡೆಸುತ್ತಿದ್ದ ಫೆಲೋಶಿಪ್ ಅದು. ಒಂದು ವರ್ಷ, ಒಂದೇ ತಾಲ್ಲೂಕು. ಬಾಡಿಗೆ, ಊಟ, ಬಸ್ಸಿಗೆ ಸಾಕಾಗುವಷ್ಟು ಸ್ಟೈಪೆಂಡ್. ಇಬ್ಬರು ಮಾರ್ಗದರ್ಶಕರು: ಒಬ್ಬರು ನಮ್ಮ ಓದಿನ ಕಡೆಯವರು, ಇನ್ನೊಬ್ಬರು ಆ ಊರಿನವರೇ. ಈ ಇಬ್ಬರ ಏರ್ಪಾಡು ಹೊಸದೇನಲ್ಲ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದಲ್ಲಿ ಆಲ್ಬರ್ಟ್ ಶ್ವೈಟ್ಜರ್ ಹೆಸರಿನ ಫೆಲೋಶಿಪ್ ಒಂದಿದೆ. ಸಂಗೀತ, ಧರ್ಮಶಾಸ್ತ್ರ ಅಂತ ಇದ್ದ ಮನುಷ್ಯ 30ರ ವಯಸ್ಸಿನಲ್ಲಿ ವೈದ್ಯಕೀಯ ಓದಲು ಕೂತು, 1913ರಲ್ಲಿ ಆಫ್ರಿಕಾದ ಲಂಬಾರೆನೆಗೆ ಹೋಗಿ ಆಸ್ಪತ್ರೆ ಕಟ್ಟಿದರಲ್ಲ, ಅವರೇ. ಅಲ್ಲಿ ಡಾಕ್ಟರಿಕೆ, ದಂತವೈದ್ಯ, ನರ್ಸಿಂಗ್, ಕಾನೂನು ಓದುವವರು ಓದಿನ ಜೊತೆಗೇ 200 ಗಂಟೆ ಒಂದು ಸಮುದಾಯದ ಜೊತೆ ಕೆಲಸ ಮಾಡುತ್ತಾರೆ. ಅವರಿಗೂ ಕಾಲೇಜಿನ ಕಡೆ ಒಬ್ಬರು, ಕೆಲಸದ ಜಾಗದಲ್ಲಿ ಒಬ್ಬರು ಇರುತ್ತಾರೆ. ನನ್ನ ಮಟ್ಟಿಗೆ ಈ ಎರಡನೆಯವರೇ ಮುಖ್ಯ ಆದರು.

ಅರ್ಜಿಯಲ್ಲಿ ನಾನು ಬರೆದಿದ್ದು ಎಲ್ಲರೂ ಬರೆಯುವಂಥದ್ದೇ. ಶಾಲೆಗಳಲ್ಲಿ ದಂತ ತಪಾಸಣೆ, ಬ್ರಷ್ ಮತ್ತು ಪೇಸ್ಟ್ ಹಂಚಿಕೆ, ಹಲ್ಲುಜ್ಜುವ ಬಗ್ಗೆ ಭಾಷಣ. ಇಂಟರ್ನ್‌ಶಿಪ್‌ನ ಕ್ಯಾಂಪುಗಳೆಲ್ಲ ಹೀಗೇ ನಡೆಯುತ್ತಿದ್ದವು. ಸಂದರ್ಶನದಲ್ಲಿ ಕೂತಿದ್ದ ಒಬ್ಬ ಮೇಡಂ ಅದನ್ನು ಓದಿ ಕನ್ನಡಕ ತೆಗೆದಿಟ್ಟರು.

"ಬ್ರಷ್ ಹಂಚೋಕೆ ಒಂದು ದಿನ ಸಾಕಲ್ವಾ? ಮಿಕ್ಕ ವರ್ಷ ಏನ್ಮಾಡ್ತೀರಿ?"

"ಅಲ್ಲಿ ಹೋಗಿ ನೋಡದೆ ಹೇಳೋಕೆ ಬರಲ್ಲ ಮೇಡಂ" ಅಂದೆ. ಅವರು ಏನೋ ಬರೆದುಕೊಂಡರು. ಆಮೇಲೆ ಹಲ್ಲಿನ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಗ್ರಾಮ ಪಂಚಾಯಿತಿಗೆ ದುಡ್ಡು ಎಲ್ಲಿಂದ ಬರುತ್ತೆ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಯಾರಿಗೆ ಉತ್ತರ ಕೊಡಬೇಕು, ಒಬ್ಬಳೇ ಹಳ್ಳಿಯಲ್ಲಿ ಇರ್ತೀರಾ, ಇಂಥವೇ. ಮೊದಲ ಎರಡಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಆಯ್ಕೆ ಆಯಿತು. ಸಿಕ್ಕ ತಾಲ್ಲೂಕು ಜಗಳೂರು.

ಜಗಳೂರು ಮೊದಲು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಈ ಕಡೆ ಬಂತು. ಜಿಲ್ಲೆ ಬದಲಾದರೂ ನೆಲ ದುರ್ಗದ ಸೀಮೆಯದ್ದೇ. ದಾವಣಗೆರೆ ಸುತ್ತ ಭದ್ರಾ ಕಾಲುವೆ, ಗದ್ದೆ, ಅಡಿಕೆ ತೋಟ. ಬಸ್ಸಿನಲ್ಲಿ ಬಿಳಿಚೋಡು ಕಡೆ ಹೊರಟರೆ ಸ್ವಲ್ಪ ಹೊತ್ತಿಗೇ ಆ ಹಸಿರು ಮುಗಿಯುತ್ತದೆ. ಆಮೇಲೆ ಮೆಕ್ಕೆಜೋಳ, ಈರುಳ್ಳಿ, ಶೇಂಗಾ, ಅಲ್ಲಲ್ಲಿ ಬೋರ್ ಕೊರೆಯುವ ಲಾರಿ. ತುಂಗಭದ್ರೆಯಿಂದ ಇಲ್ಲಿನ 57 ಕೆರೆ ತುಂಬಿಸುವ ಯೋಜನೆಯ ಬಗ್ಗೆ ಟೀ ಅಂಗಡಿಯಲ್ಲಿ ಕೂತರೆ ಒಂದು ಇಡೀ ಮಧ್ಯಾಹ್ನ ಕೇಳಬಹುದು.

ಊರಿನ ಕಡೆಯ ನನ್ನ ಮಾರ್ಗದರ್ಶಕರು ನಿವೃತ್ತ ಮೇಷ್ಟ್ರು. ಹೋದ ದಿನವೇ ಹೇಳಿಬಿಟ್ಟರು: "ಒಂದು ತಿಂಗಳು ಯಾರ ಬಾಯೂ ತೆಗೆಸಬೇಡಮ್ಮ. ಮನೆಮನೆಗೆ ಹೋಗಿ ಕುಂತು ಮಾತಾಡು. ಏನ್ ಉಣ್ತಾರೆ, ನೀರು ಎಲ್ಲಿಂದ ತರ್ತಾರೆ, ಬರ್ಕೋ." ನನಗೆ ಒಳಗೊಳಗೇ ಕಿರಿಕಿರಿ. ಡಾಕ್ಟರ್ ಓದಿದವಳು ಜನಗಣತಿ ಮಾಡಬೇಕಾ ಅಂತ. ಆದರೂ ನೋಟ್‌ಬುಕ್ ಹಿಡಿದು ಅವರ ಹಿಂದೆ ತಿರುಗಿದೆ. ಮೇಷ್ಟ್ರ ಹಳೆ ಶಿಷ್ಯರಿಲ್ಲದ ಮನೆಯೇ ಊರಲ್ಲಿರಲಿಲ್ಲ. ಹೀಗಾಗಿ ಹೋದಲ್ಲೆಲ್ಲ ಟೀ ತಪ್ಪಲಿಲ್ಲ.

ಆ ಊರಿನ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿಗಳಿದ್ದವು. ಕೆಲವರಿಗೆ ಸುಣ್ಣದಂಥ ಬಿಳಿ ಮಚ್ಚೆ, ಕೆಲವರಿಗೆ ಗುಳಿ ಬಿದ್ದು ಅಂಚು ಉದುರಿದ್ದು. ಪುಸ್ತಕದಲ್ಲಿ ಓದಿದ್ದೆ, ಈ ಕಲೆ ಎಷ್ಟಿದೆ ಅಂತ ಅಳೆಯಲು ಡೀನ್ ಅನ್ನುವವರು ಮಾಡಿದ ಪಟ್ಟಿಯೂ ಬಾಯಿಪಾಠ ಇತ್ತು. ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದ್ದರೆ ಹಲ್ಲು ಹೀಗಾಗುತ್ತದೆ. ಮನೆಯವರು ಮಾತ್ರ ಮಕ್ಕಳನ್ನು ಬೈಯುತ್ತಿದ್ದರು. "ಸರಿಯಾಗಿ ಹಲ್ಲುಜ್ಜಲ್ಲ ರೀ ಇವ್ನು." ಎಷ್ಟು ಉಜ್ಜಿದರೂ ಹೋಗದ ಕಲೆ ಅದು. ಬೂದಿ, ಇಟ್ಟಿಗೆ ಪುಡಿ ಹಾಕಿ ತಿಕ್ಕಿ ಒಸಡು ಗಾಯ ಮಾಡಿಕೊಂಡ ಹುಡುಗಿಯರೂ ಇದ್ದರು.

ಒಂದು ಮನೆಯ ಅಣ್ಣತಮ್ಮನನ್ನು ಇಲ್ಲಿ ಹೇಳಲೇಬೇಕು. ಅಣ್ಣ ಹತ್ತನೇ ಕ್ಲಾಸು, ತಮ್ಮ ಐದನೇ ಕ್ಲಾಸು. ಒಂದೇ ಮನೆ, ಒಂದೇ ಊಟ, ಒಂದೇ ಕೊಡದ ನೀರು. ಅಣ್ಣನ ಮುಂದಿನ ಹಲ್ಲು ಚೆನ್ನಾಗಿತ್ತು. ತಮ್ಮನದು ಪೂರ್ತಿ ಕಂದು. ಅವರಮ್ಮ ಅದನ್ನು ತೋರಿಸಿ, "ನೀರಿನದ್ದಾದ್ರೆ ಇಬ್ರಿಗೂ ಆಗ್ಬೇಕಿತ್ತಲ್ಲ ಡಾಕ್ಟ್ರಮ್ಮ?" ಅಂದರು. ಸರಿಯಾದ ಪ್ರಶ್ನೆ. ಅಷ್ಟೊತ್ತಿಗೆ ಮೇಷ್ಟ್ರು ಹೇಳಿದ ತಿಂಗಳು ಮುಗಿದಿತ್ತು. ಅಣ್ಣನನ್ನು ಅಂಗಳದ ಬಿಸಿಲಿಗೆ ಕರೆದು ಬಾಯಿ ಪೂರ್ತಿ ತೆಗೆಸಿದೆ. ಹಿಂದಿನ ಎರಡನೇ ದವಡೆ ಹಲ್ಲುಗಳ ಮೇಲೆ ಅದೇ ಕಂದು ಪಟ್ಟಿ.

ಕಾಯಂ ಹಲ್ಲಿನ ಮೇಲಿನ ಎನಾಮೆಲ್ ಹಲ್ಲು ಹುಟ್ಟುವ ಎಷ್ಟೋ ವರ್ಷ ಮೊದಲೇ ವಸಡಿನೊಳಗೆ ತಯಾರಾಗಿರುತ್ತದೆ. ಮುಂದಿನ ಹಲ್ಲಿಗೆ ಇದು ನಾಲ್ಕೈದು ವರ್ಷದೊಳಗೆ ಮುಗಿಯುತ್ತದೆ, ಎರಡನೇ ದವಡೆ ಹಲ್ಲಿಗೆ ಏಳೆಂಟು ವರ್ಷದವರೆಗೂ ನಡೆಯುತ್ತದೆ. ಆ ಹೊತ್ತಿನಲ್ಲಿ ಕುಡಿದ ನೀರಿನ ಗುರುತು ಹಲ್ಲಿನಲ್ಲಿ ಉಳಿದುಬಿಡುತ್ತದೆ. ಹಾಗಾದರೆ ಅಣ್ಣನಿಗೆ ಸುಮಾರು ಐದು ವರ್ಷ ಆದಾಗ ಈ ಮನೆಯ ನೀರು ಬದಲಾಗಿರಬೇಕು. ಕೇಳಿದೆ. ಅವರಮ್ಮ ಸ್ವಲ್ಪ ಯೋಚಿಸಿ ಹೇಳಿದರು: ಸಣ್ಣವನು ಹೊಟ್ಟೆಯಲ್ಲಿದ್ದಾಗ ಸೇದುವ ಬಾವಿ ಬತ್ತಿತು, ಆ ವರ್ಷವೇ ಓಣಿಗೆ ಹೊಸ ಬೋರಿನ ನಲ್ಲಿ ಬಂತು. ಲೆಕ್ಕ ಸರಿಹೋಯಿತು. ಆವತ್ತು ನನಗಾದ ಖುಷಿ ಮೊದಲ ರೂಟ್ ಕೆನಾಲ್ ಮಾಡಿದಾಗಲೂ ಆಗಿರಲಿಲ್ಲ.

ಅಲ್ಲಿಂದ ನನ್ನ ನೋಟ್‌ಬುಕ್ಕಿನ ಸ್ವರೂಪವೇ ಬದಲಾಯಿತು. ಒಂದು ಕಡೆ ಮಗುವಿನ ಹಲ್ಲು, ಇನ್ನೊಂದು ಕಡೆ ಆ ಮನೆಗೆ ಬರುವ ಬೋರು, ಅದನ್ನು ಕೊರೆದ ವರ್ಷ, ಆಳ. ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡಿದ್ದವರು ಊರಿನ ನೀರುಗಂಟಿ. ಯಾವ ವಾಲ್ವ್ ತಿರುಗಿಸಿದರೆ ಯಾವ ಓಣಿಗೆ ನೀರು ಅನ್ನೋದು ಪಂಚಾಯಿತಿಯ ಯಾವ ಕಾಗದದಲ್ಲೂ ಇರಲಿಲ್ಲ. ಜಿಲ್ಲೆಯಿಂದ ಬಂದ ಯಾವ ತಂಡವೂ ಅವರನ್ನು ಕೂರಿಸಿ ಮಾತಾಡಿಸಿದ್ದಿಲ್ಲವಂತೆ.

ಫ್ಲೋರೈಡ್ ಕಿಟ್ ತಂದು ಅವರ ಎದುರೇ ಪರೀಕ್ಷೆ ಮಾಡಿದೆ. ಕೊಳವೆಯಲ್ಲಿ ಗೆರೆವರೆಗೆ ನೀರು ಹಾಕಿ ದ್ರಾವಣದ ಹನಿ ಬಿಟ್ಟರೆ ಗುಲಾಬಿ ಬಣ್ಣ ಬರುತ್ತದೆ. ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಅದು ಹಳದಿಗೆ ತಿರುಗುತ್ತದೆ. ಪಕ್ಕದಲ್ಲಿ ಬಣ್ಣದ ಕಾರ್ಡ್ ಹಿಡಿದು ಹೋಲಿಸಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಅಂತ ಇದೆ. ಆಳದ ಬೋರಿನ ನೀರು ಕಣ್ಣೆದುರೇ ಹಳದಿಯಾಯಿತು. ಈ ಕಡೆಯ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ, ಆಳದಲ್ಲಿ ನೀರು ಬಂಡೆಯ ಜೊತೆ ತುಂಬಾ ಕಾಲ ನಿಂತಿರುತ್ತದೆ. ನೀರುಗಂಟಿ ಕೊಳವೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಕಾಯಿಸಿ ಕುಡಿದ್ರೆ ಹೋಗುತ್ತೇನ್ರಿ?" ಅಂತ ಕೇಳಿದರು. ಇಲ್ಲ. ಕಾಯಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿಯುತ್ತದೆ, ಇನ್ನೂ ಗಟ್ಟಿಯಾಗುತ್ತದೆ.

ಊರಲ್ಲಿ ಶುದ್ಧ ನೀರಿನ ಘಟಕ ಇತ್ತು. 5 ರೂಪಾಯಿ ಕಾಯಿನ್ ಹಾಕಿದರೆ ಒಂದು ಕ್ಯಾನ್, 20 ಲೀಟರ್. ಕುಡಿಯೋಕೆ ಬಹಳ ಮನೆಯವರು ಅದನ್ನೇ ತರುತ್ತಿದ್ದರು. ಅಡುಗೆಗೆ ಮಾತ್ರ ನಲ್ಲಿ ನೀರು. ಮುದ್ದೆ, ಅನ್ನ, ಸಾರು ಎಲ್ಲದಕ್ಕೂ ಅದೇ. ಇನ್ನೊಂದು ವಿಷಯ ಮೇಷ್ಟ್ರು ತೋರಿಸಿದರು. ಘಟಕದಲ್ಲಿ ಶುದ್ಧ ಮಾಡಿದ ಮೇಲೆ ಉಳಿಯುವ ನೀರಿನ ಪೈಪನ್ನು ದನದ ತೊಟ್ಟಿಗೆ ಬಿಟ್ಟಿದ್ದರು, ನೀರು ಪೋಲಾಗದಿರಲಿ ಅಂತ. ಜನ ಬೇಡ ಅಂದ ಫ್ಲೋರೈಡ್ ಎಲ್ಲ ಎತ್ತಿನ ಹೊಟ್ಟೆಗೆ. ನೆಲ್ಲೂರು ಸೀಮೆಯಲ್ಲಿ 1937ರಲ್ಲಿ, ಫ್ಲೋರೈಡ್ ಮೂಳೆಗೆ ತರುವ ಕಾಯಿಲೆ ದಾಖಲಾಗುವ ಮೊದಲೇ ಅಲ್ಲಿನ ರೈತರು ತಮ್ಮ ಎತ್ತುಗಳು ನಡೆಯಲು ಕಷ್ಟಪಡೋದನ್ನು ಗಮನಿಸಿದ್ದರಂತೆ. ಈ ಮಾತನ್ನು ಕಟ್ಟೆಯ ಮೇಲೆ ಹೇಳಿದೆ ನೋಡಿ, ಮಕ್ಕಳ ಹಲ್ಲಿಗೆ ಅಲ್ಲಾಡದವರೂ ಎದ್ದು ಕೂತರು. ಪೈಪ್ ಅದೇ ವಾರ ಚರಂಡಿ ಕಡೆ ತಿರುಗಿತು.

ಶಾಲೆಯ ಕೆಲಸ ಅಷ್ಟು ಸುಲಭಕ್ಕೆ ಆಗಲಿಲ್ಲ. ಬಿಸಿಯೂಟವೂ ಬೋರಿನ ನೀರಲ್ಲೇ. ಕ್ಷೀರಭಾಗ್ಯದ ಹಾಲಿನ ಪುಡಿ ಕದಡುವುದೂ ಅದೇ ನೀರಲ್ಲಿ. ಶುದ್ಧ ನೀರಿನ ಘಟಕ ಶಾಲೆಗೆ ಕೂಗಳತೆ ದೂರದಲ್ಲಿತ್ತು. ಒಂದು ಪೈಪ್ ಎಳೆದು ಒಂದು ಸಿಂಟೆಕ್ಸ್ ಇಟ್ಟರೆ ಮುಗಿಯಿತು ಅಂತ ಯಾರಿಗಾದರೂ ಅನ್ನಿಸುತ್ತದೆ. ಘಟಕ ನೋಡಿಕೊಳ್ಳುವ ಗುತ್ತಿಗೆದಾರರ ಕಡೆಯವರು, ಕಾಯಿನ್ ಇಲ್ಲದೆ ನೀರು ಬಿಡೋಕಾಗಲ್ಲ ಅಂದರು. ಹೆಡ್‌ಮೇಷ್ಟ್ರು ಮೇಲಿನಿಂದ ಆದೇಶ ಬೇಕು ಅಂದರು. ಪಿಡಿಒ ಒಳ್ಳೆಯವರು, ಆದರೆ ಕ್ರಿಯಾ ಯೋಜನೆಯಲ್ಲಿ ಇಲ್ಲದ ಕೆಲಸಕ್ಕೆ ಒಂದು ರೂಪಾಯಿ ಬಿಡುವಂತಿಲ್ಲ ಅಂದರು.

ನಿಜವಾಗಿ ಕಲಿತಿದ್ದು ಈ ತಿಂಗಳುಗಳಲ್ಲಿ. ಆಗ ಪಂಚಾಯಿತಿಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು. ಅಂದರೆ ದುಡ್ಡಿಗೆ ದಾರಿ ಇತ್ತು. ಆದರೆ ಗ್ರಾಮಸಭೆಯಲ್ಲಿ ಬೇಡಿಕೆ ಬರಬೇಕು, ಪಂಚಾಯಿತಿ ಸಭೆಯಲ್ಲಿ ಠರಾವು ಆಗಬೇಕು, ಕ್ರಿಯಾ ಯೋಜನೆಗೆ ಸೇರಬೇಕು, ಎಂಜಿನಿಯರ್ ಎಸ್ಟಿಮೇಟ್ ಮಾಡಬೇಕು. ಯಾವ ಕಾಗದ ಯಾರ ಟೇಬಲ್ ಮೇಲಿದೆ ಅಂತ ವಾರವಾರ ಕೇಳಬೇಕು. ಜಗಳ ಮಾಡದೆ ಕೇಳಬೇಕು. ಇದನ್ನು ಹೇಳಿಕೊಡುವ ಪಾಠ ನಮ್ಮ ಕಾಲೇಜಿನ ಸಿಲಬಸ್ಸಿನಲ್ಲಿರಲಿಲ್ಲ.

ಗ್ರಾಮಸಭೆಯಲ್ಲಿ ನಾನು ಫ್ಲೋರೈಡ್ ಬಗ್ಗೆ ಮಾತಾಡಿದೆ. ಜನ ಮರ್ಯಾದೆಗೆ ಕೇಳಿಸಿಕೊಂಡರು. ಆಮೇಲೆ ಬಿಸಿಯೂಟದ ಅಡುಗೆ ಅಕ್ಕ ಎದ್ದು ನಿಂತರು. ಹಿಂದಿನ ವಾರ ಅವರು ನಾಲ್ಕು ಕ್ಯಾನ್ ಶುದ್ಧ ನೀರು ತರಿಸಿ ಸಾಂಬಾರು ಮಾಡಿ ನೋಡಿದ್ದರು. "ಬೋರಿನ ನೀರಾಗೆ ಬ್ಯಾಳಿ ಬೇಯೋದೇ ಇಲ್ರಿ. ಈ ನೀರಾಗೆ ಗಳಿಗೇಲಿ ಬೆಂದ್ ಹೋತು. ಸಿಲಿಂಡರ್ ಎಷ್ಟ್ ಉಳಿತೈತಿ ಲೆಕ್ಕ ಹಾಕ್ರಿ." ಗಡಸು ನೀರಲ್ಲಿ ಬೇಳೆ ಬೇಯೋದು ನಿಧಾನ, ಘಟಕದ ನೀರಲ್ಲಿ ಆ ಗಡಸು ಇರೋದಿಲ್ಲ. ಸಭೆಯಲ್ಲಿದ್ದ ಹೆಂಗಸರೆಲ್ಲ ಹೌದು ಹೌದು ಅಂದರು. ಅಧ್ಯಕ್ಷರು ನಡವಳಿ ಪುಸ್ತಕದಲ್ಲಿ ಬರೆಸಿದರು. ನನ್ನ ಚಾರ್ಟು, ಅಂಕಿಅಂಶ ಮಾಡದ ಕೆಲಸವನ್ನು ಬೇಳೆ ಮಾಡಿತು. ಈಗಲೂ ಎಲ್ಲಿ ತರಬೇತಿ ಕೊಟ್ಟರೂ ನಾನು ಹಲ್ಲಿನಿಂದ ಶುರು ಮಾಡಲ್ಲ, ಬೇಳೆಯಿಂದ ಶುರು ಮಾಡ್ತೀನಿ.

ಪೈಪ್ ಬಂದಿದ್ದು ನನ್ನ ಫೆಲೋಶಿಪ್ ಮುಗಿಯುವ ಹೊತ್ತಿಗೆ. ಬೆಂಗಳೂರಿನಲ್ಲಿ ಒಂದು ಸಮಾರೋಪ, ಸ್ಲೈಡು, ಪ್ರಮಾಣಪತ್ರ. ಅದು ಅಮ್ಮನ ಬೀರುವಿನಲ್ಲಿದೆ, ಲ್ಯಾಮಿನೇಷನ್ ಮಾಡಿಸಿ. ನನ್ನ ಜೊತೆ ಫೆಲೋ ಆಗಿದ್ದ ಒಬ್ಬ ಎಂಜಿನಿಯರ್ ಈಗ ಬ್ಯಾಂಕಿನಲ್ಲಿದ್ದಾನೆ. ಆ ವರ್ಷದಿಂದ ತನಗೇನೂ ಬದಲಾಗಲಿಲ್ಲ, ಆದರೆ ಚೆನ್ನಾಗಿತ್ತು ಅಂತಾನೆ. ಅದೂ ನಿಜವೇ. ಫೆಲೋಶಿಪ್ ಮಾಡಿದವರೆಲ್ಲರ ಬದುಕೂ ತಿರುಗಬೇಕು ಅಂತೇನಿಲ್ಲ.

ನನ್ನದು ತಿರುಗಿತು, ಅದೂ ಒಮ್ಮೆಲೇ ಅಲ್ಲ. ವಾಪಸ್ ಬಂದು ದಾವಣಗೆರೆಯಲ್ಲಿ ಒಬ್ಬ ಸೀನಿಯರ್ ಕ್ಲಿನಿಕ್ಕಿಗೆ ಸೇರಿಕೊಂಡೆ. ಮದುವೆಗೆ ಮುಂಚೆ ಹಲ್ಲು ಬಿಳಿ ಮಾಡಿಸಲು ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹುಡುಗಿಯರು ಬರುತ್ತಿದ್ದರು. ಗಂಡಿನ ಕಡೆಯವರು ನೋಡಲು ಬರುವ ಮೊದಲು ಆಗಬೇಕು ಅಂತ ಗಡಿಬಿಡಿ. ಕಲೆಯ ಮೇಲೆ ಹಲ್ಲಿನ ಬಣ್ಣದ ಪದರ ಹಚ್ಚಿ ಕಳಿಸುತ್ತಿದ್ದೆವು. ಕೆಲಸ ಚೆನ್ನಾಗಿ ಬರುತ್ತಿತ್ತು, ದುಡ್ಡೂ ಬರುತ್ತಿತ್ತು. ನಾನು ಮಾತ್ರ ಬಾಯಿ ನೋಡುತ್ತಲೇ ಯಾವ ಊರು, ಯಾವ ಬೋರು, ತಂಗಿ ಇದ್ದಾಳಾ, ಅವಳಿಗೆಷ್ಟು ವಯಸ್ಸು ಅಂತ ಕೇಳುತ್ತಿದ್ದೆ. ಸೀನಿಯರ್ ನಗುತ್ತಿದ್ದರು: "ಹಲ್ಲು ತೋರಿಸೋಕೆ ಬಂದ್ರೆ ಪಹಣಿ ಕೇಳ್ತೀಯಲ್ಲಮ್ಮ." ಆದರೆ ಆ ತಂಗಿಯ ವಯಸ್ಸು ನನ್ನ ತಲೆಯಿಂದ ಹೋಗುತ್ತಿರಲಿಲ್ಲ. ಎರಡು ವರ್ಷದವಳಾದರೆ ಅವಳ ಹಲ್ಲು ಇನ್ನೂ ತಯಾರಾಗುತ್ತಿದೆ, ನೀರು ಬದಲಿಸಿದರೆ ಉಳಿಯುತ್ತದೆ.

ಎಂಡಿಎಸ್ ಪುಸ್ತಕ ಮುಚ್ಚಿಟ್ಟು ಸಾರ್ವಜನಿಕ ಆರೋಗ್ಯದಲ್ಲಿ ಎಂಪಿಎಚ್ ಸೇರಿದೆ. ಮನೆಯಲ್ಲಿ ದೊಡ್ಡ ರಾದ್ಧಾಂತ. "ಹಲ್ಲಿನ ಡಾಕ್ಟ್ರು ಓದಿಸಿದ್ದು ಊರೂರು ನೀರು ಮುಟ್ಟಿ ನೋಡೋಕಾ?" ಅಂದರು ಅಪ್ಪ. ಅವರ ಸಿಟ್ಟಿಗೂ ಕಾರಣ ಇತ್ತು, ಫೀಸು ಕಟ್ಟಿದವರು ಅವರು. ಇವತ್ತಿಗೂ ಕ್ಲಿನಿಕ್ ಇಟ್ಟ ನನ್ನ ಬ್ಯಾಚಿನವರ ಸಂಪಾದನೆ ನನಗಿಲ್ಲ. ಇದನ್ನು ಮುಚ್ಚಿಟ್ಟು ಫೆಲೋಶಿಪ್ ಮಾಡಿ ಅಂತ ಯಾರಿಗೂ ಹೇಳಲ್ಲ.

ಕೆಲಸದ ಸಂದರ್ಶನದಲ್ಲಿ ಪ್ರಮಾಣಪತ್ರವನ್ನು ಯಾರೂ ತಿರುಗಿಸಿ ನೋಡಲಿಲ್ಲ. ಕೇಳಿದ್ದು ಆ ಠರಾವಿನ ಬಗ್ಗೆ. ಯಾರು ಎತ್ತಿದರು, ಯಾರು ವಿರೋಧಿಸಿದರು, ಗುತ್ತಿಗೆದಾರರನ್ನು ಹೇಗೆ ಒಪ್ಪಿಸಿದಿರಿ, ನೀವು ಊರು ಬಿಟ್ಟ ಮೇಲೆ ಘಟಕದ ಫಿಲ್ಟರ್ ಯಾರು ಬದಲಿಸುತ್ತಾರೆ. ನಡವಳಿ ಪುಸ್ತಕದ ಆ ಪುಟದ ಜೆರಾಕ್ಸ್ ನನ್ನ ಫೈಲಿನಲ್ಲಿತ್ತು. ತೆಗೆದು ಕೊಟ್ಟೆ. ಅವರು ಅದನ್ನು ನನ್ನ ಮಾರ್ಕ್ಸ್ ಕಾರ್ಡಿಗಿಂತ ಜಾಸ್ತಿ ಹೊತ್ತು ಓದಿದರು.

ಈಗ ನಾನು ಒಂದು ಸ್ವಯಂಸೇವಾ ಸಂಸ್ಥೆಯ ನೀರಿನ ಗುಣಮಟ್ಟದ ತಂಡದಲ್ಲಿದ್ದೇನೆ. ಮನೆ ಮನೆಗೆ ಗಂಗೆ ಅಂತ ನಮ್ಮಲ್ಲಿ ಕರೆಯುವ ಜಲ ಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐದು ಹೆಂಗಸರಿಗೆ ಕಿಟ್ ಬಳಸಲು ಕಲಿಸಬೇಕು ಅಂತ ಇದೆ. ಆ ತರಬೇತಿ, ಅದರ ಬೆನ್ನಿಗೆ ಪಂಚಾಯಿತಿ ಕಾಗದ, ಇದೇ ದಿನದ ಕೆಲಸ. ಶನಿವಾರ ಸಂಜೆ ಸೀನಿಯರ್ ಕ್ಲಿನಿಕ್ಕಿಗೆ ಹೋಗಿ ಹಲ್ಲು ನೋಡ್ತೀನಿ, ಕೈ ಮರೆತು ಹೋಗಬಾರದಲ್ಲ. ಜಗಳೂರಿನ ಆ ಶಾಲೆಯ ಪೈಪ್ ಇನ್ನೂ ನಡೆಯುತ್ತಿದೆ. ನೀರುಗಂಟಿ ಫೋನ್ ಮಾಡ್ತಿರ್ತಾರೆ. ಒಂದು ಸಲ ಘಟಕ ಕೆಟ್ಟು ನಿಂತಾಗ ಅಡುಗೆ ಅಕ್ಕನೇ ಪಂಚಾಯಿತಿ ಬಾಗಿಲಿಗೆ ಹೋಗಿ ಕೂತಿದ್ದರಂತೆ. ಪಕ್ಕದ ಊರಿನ ಶಾಲೆಯದ್ದು ಮಾತ್ರ ಇನ್ನೂ ಎಸ್ಟಿಮೇಟ್ ಹಂತದಲ್ಲೇ ಇದೆ.

ಅರ್ಜಿ ಹಾಕಬೇಕು ಅನ್ನುವ ಜೂನಿಯರ್‌ಗಳು ಕೇಳ್ತಿರ್ತಾರೆ, ಯಾವುದು ಒಳ್ಳೆಯದು ಅಂತ. ಎಸ್‌ಬಿಐ ಯೂತ್ ಫಾರ್ ಇಂಡಿಯಾ 13 ತಿಂಗಳದ್ದು, ಗಾಂಧಿ ಫೆಲೋಶಿಪ್ ಎರಡು ವರ್ಷದ್ದು, ಇನ್ನೂ ಸಣ್ಣಪುಟ್ಟವು ಬೇಕಾದಷ್ಟಿವೆ. ಹೆಸರು ನೋಡಿ ಆರಿಸಬೇಡಿ. ಒಂದೇ ಜಾಗದಲ್ಲಿ ಇರಲು ಬಿಡ್ತಾರಾ, ಇಲ್ಲಾ ಊರೂರು ಸುತ್ತಿಸ್ತಾರಾ ಕೇಳಿ. ಊರಿನಲ್ಲಿ ನಿಮ್ಮನ್ನು ಕೂರಿಸಿ ಬೈಯುವಷ್ಟು ಸಲಿಗೆ ಇರುವ ಹಿರಿಯರು ಒಬ್ಬರು ಸಿಗ್ತಾರಾ ಕೇಳಿ. ಕಳೆದ ವರ್ಷದವರು ಶುರು ಮಾಡಿದ್ದು ಈಗಲೂ ನಡೀತಿದೆಯಾ ಅಂತ ಅವರಿಗೇ ಫೋನ್ ಮಾಡಿ ಕೇಳಿ, ಸಂಸ್ಥೆಯ ವರದಿ ಓದಿ ನಂಬಬೇಡಿ. ಸ್ಟೈಪೆಂಡ್ ಎಷ್ಟು, ಯಾವ ತಾರೀಕಿಗೆ ಬರುತ್ತೆ ಅಂತ ಕೇಳೋಕೂ ನಾಚಿಕೆ ಬೇಡ. ಹಳ್ಳಿ ಅಂಗಡಿಯಲ್ಲಿ ಉದ್ರಿ ಬರೆಸಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಸೇರುವ ಮೊದಲು ಒಂದು ಸಲ ಬಸ್ಸಿನಲ್ಲೇ ಆ ಊರಿಗೆ ಹೋಗಿ ಬನ್ನಿ, ಕೊನೇ ಬಸ್ ಎಷ್ಟೊತ್ತಿಗೆ ಅಂತ ವಿಚಾರಿಸಿಕೊಂಡು ಬನ್ನಿ. ನನ್ನ ಊರಿಗೆ ಸಂಜೆಯ ಬಸ್ ತಪ್ಪಿದರೆ ಮೇಷ್ಟ್ರ ಮಗನ ಬೈಕೇ ಗತಿ ಆಗಿತ್ತು.